ಎಲ್ಲರೂ ಸೇರಿ ಬರೆದ ಆಟದಲ್ಲಿ ಕೊನೆಯ ಮಾತು ಯಾರದು?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನವಳು, ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಎರಡು ಮಳೆಗಾಲಗಳ ಹಿಂದೆ ನಾವು ಕೆಲವು ಗೆಳೆಯರು ಟೆಲಿಗ್ರಾಂನಲ್ಲಿ ಗುಂಪು ಕಟ್ಟಿಕೊಂಡು ಕನ್ನಡದಲ್ಲೇ ಒಂದು ರೋಲ್‌ಪ್ಲೇ ಆಟ ರೂಪಿಸಲು ಹೊರಟೆವು. ಮೇಜಿನ ಸುತ್ತ ಕುಳಿತವರು ಒಂದೊಂದು ಪಾತ್ರ ವಹಿಸಿ, ಮಾತಿನಲ್ಲೇ ಕಥೆ ಬೆಳೆಸುವ ಆಟ. ಕಾಲ 1763. ಹೈದರಾಲಿಯ ಸೈನ್ಯ ಕೆಳದಿ ಅರಸರ ರಾಜಧಾನಿ ಬಿದನೂರಿನತ್ತ ಬರುತ್ತಿದೆ. ಆಟಗಾರರು ಮೆಣಸು ಸಾಗಿಸುವ ಹೇರೆತ್ತಿನವರು, ಕೋಟೆಯ ಕಾವಲಿನವರು, ನಾಟಿ ವೈದ್ಯರು, ಗೂಢಚಾರರು. ದಾಳದ ಬದಲು ನಾಲ್ಕು ಕವಡೆ. ಆಟ ನಡೆಸುವವರನ್ನು ‘ಭಾಗವತ’ ಎಂದು ಕರೆಯುತ್ತೇವೆ. ಗುಂಪಿನಲ್ಲಿ ಈಗ ಮೂವತ್ತು ಜನರಿದ್ದಾರೆ, ಅರ್ಧದಷ್ಟು ಮಂದಿ ಬೆಂಗಳೂರು, ಪುಣೆಗಳಲ್ಲಿರುವ ನಮ್ಮ ಕಡೆಯವರೇ. ಪ್ರತಿ ನಿಯಮವನ್ನೂ ಮತಕ್ಕೆ ಹಾಕಿ ಸೇರಿಸಿದ್ದೇವೆ. ಬರಹ ನೂರೈವತ್ತು ಪುಟ ದಾಟಿದೆ, ಪೂರ್ತಿ ಆಟ ಇನ್ನೂ ಒಮ್ಮೆಯೂ ಆಡಿಲ್ಲ. ಗಾಯ ಮತ್ತು ಚಿಕಿತ್ಸೆಯ ಅಧ್ಯಾಯ ಬರೆದವರು ಮುನಿಸಿಕೊಂಡು ಹೊರಟುಹೋಗಿ, ‘ನನ್ನ ನಿಯಮಗಳನ್ನು ತೆಗೆಯಿರಿ’ ಎನ್ನುತ್ತಿದ್ದಾರೆ. ಕದಿಯುತ್ತಾರೆ, ಮೊದಲು ಪೇಟೆಂಟ್ ಮಾಡಿಸಿ ಎನ್ನುತ್ತಾರೆ ಒಬ್ಬರು. ಇಂಗ್ಲಿಷ್ ಆಟಗಳ ನಿಯಮ ಹೋಲುವುದರಿಂದ ಅಮೆರಿಕದ ಕಂಪನಿ ಕೇಸು ಹಾಕುತ್ತದೆ ಎನ್ನುತ್ತಾರೆ ಇನ್ನೊಬ್ಬರು. ಚೌಡಿ, ಭೂತಗಳನ್ನು ಹೊಡೆದು ಕೊಲ್ಲಬಹುದಾದ ಜೀವಿಗಳಂತೆ ಬರೆದದ್ದಕ್ಕೆ ಊರಿನ ಹಿರಿಯರು ಬೇಸರಿಸಿದ್ದಾರೆ. ಪುಸ್ತಕ ತರುವ ಆಸೆ ಇದೆ. ಮುಂದುವರಿಯುವುದೋ, ಕೈಬಿಡುವುದೋ? ಮಾದರಿಗೆ ಕೆಲವು ಪುಟಗಳನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ಕೈಬಿಡಬೇಡಿ. ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಒಳಗಿರುವ ಆತಂಕ ಎರಡೇ: ಈ ಆಟ ಯಾರ ಸ್ವತ್ತು ಎಂಬುದೊಂದು, ಇದರಲ್ಲಿ ಏನಿರಬೇಕು ಏನಿರಬಾರದು ಎಂದು ತೀರ್ಮಾನಿಸುವವರು ಯಾರು ಎಂಬುದು ಇನ್ನೊಂದು. ನಿಮ್ಮ ಗುಂಪು ಇವೆರಡನ್ನೂ ಒಂದೇ ಎಂದುಕೊಂಡಿದೆ. ಎಲ್ಲರೂ ಬರೆದಿದ್ದಾರೆ, ಆದ್ದರಿಂದ ಎಲ್ಲರೂ ತೀರ್ಮಾನಿಸಬೇಕು ಎಂದು. ನಿಯಮ ಪುಸ್ತಕಗಳನ್ನು ತಿದ್ದುವುದೇ ನನ್ನ ಕಸುಬು. ಹೀಗೆ ಅಂತರ್ಜಾಲದಲ್ಲಿ ಕೂಡಿ ಕಟ್ಟಿದ ಆಟಗಳು ನಿಂತುಹೋಗುವುದನ್ನು ಸಾಕಷ್ಟು ನೋಡಿದ್ದೇನೆ. ಅವು ಕಳ್ಳತನದಿಂದ ಸತ್ತಿದ್ದು ನನಗೆ ನೆನಪಿಲ್ಲ. ಸಂಪಾದಕರಿಲ್ಲದೆ ಸತ್ತಿವೆ.

ಮೊದಲು ಸುಲಭದ ಭಯಗಳನ್ನು ಬದಿಗಿಡೋಣ. ಪೇಟೆಂಟ್ ಸಿಗುವುದಿಲ್ಲ. ಭಾರತದ 1970ರ ಪೇಟೆಂಟ್ ಕಾಯ್ದೆಯ ಕಲಂ 3(ಎಂ) ಆಟ ಆಡುವ ವಿಧಾನಕ್ಕೆ ಪೇಟೆಂಟ್ ಇಲ್ಲ ಎಂದು ನೇರವಾಗಿಯೇ ಹೇಳುತ್ತದೆ. ಮಾಡಿಸಿಕೊಡುತ್ತೇವೆಂದು ಯಾರಾದರೂ ಶುಲ್ಕ ಕೇಳಿದರೆ ಕೊಡಬೇಡಿ. ಆಟದ ಹೆಸರನ್ನು ಬೇಕಿದ್ದರೆ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಬಹುದು, ಅದೂ ಪುಸ್ತಕ ಮಾರಾಟಕ್ಕೆ ಬಂದ ಮೇಲೆ ಯೋಚಿಸಬೇಕಾದ ವಿಷಯ.

ಕೃತಿಸ್ವಾಮ್ಯ ಮಾತ್ರ ನಿಮಗೆ ಸಂಬಂಧಪಟ್ಟದ್ದು, ಅದರಲ್ಲೂ ಜನ ತಪ್ಪಾಗಿ ತಿಳಿದಿರುವುದೇ ಹೆಚ್ಚು. ಕೃತಿಸ್ವಾಮ್ಯ ಬರಹಕ್ಕೆ ಇರುತ್ತದೆ, ಬರಹದೊಳಗಿನ ಉಪಾಯಕ್ಕೆ ಇರುವುದಿಲ್ಲ. ಒಂದು ನಾಟಕ ಮತ್ತು ಒಂದು ಚಲನಚಿತ್ರದ ನಡುವಿನ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಇದನ್ನು ಹೇಳಿದೆ. ‘ಗಾಯವಾದವರು ಒಂದು ಕವಡೆ ಕಡಿಮೆ ಎಸೆಯಬೇಕು’ ಎಂಬ ಉಪಾಯ ಯಾರಪ್ಪನ ಮನೆಯದೂ ಅಲ್ಲ. ಆದರೆ ಅದನ್ನು ವಿವರಿಸಲು ಹೊರಟುಹೋದವರು ಬರೆದ ವಾಕ್ಯಗಳು, ಅವರು ಕಟ್ಟಿದ ಉದಾಹರಣೆಗಳು, ಗಿಡಮೂಲಿಕೆಗಳ ವರ್ಣನೆ ಅವರವೇ. ‘ನನ್ನ ನಿಯಮ ತೆಗೆಯಿರಿ’ ಎಂಬ ಅವರ ಮಾತಿನಲ್ಲಿ ಅರ್ಧ ಹುರುಳಿದೆ. ಬರಹವನ್ನು ಹಿಂದಕ್ಕೆ ಕೇಳಬಹುದು, ಉಪಾಯವನ್ನು ಕೇಳಲಾಗದು.

ಇದರ ಇನ್ನೊಂದು ಮಗ್ಗುಲು ನಿಮ್ಮ ಗುಂಪಿಗೆ ಹೆಚ್ಚು ಮುಖ್ಯ. ಒಬ್ಬರ ಪಾಲು ಇನ್ನೊಬ್ಬರದರಿಂದ ಬೇರ್ಪಡಿಸಲು ಬಾರದಂತೆ ಕೂಡಿ ಬರೆದದ್ದನ್ನು 1957ರ ಕೃತಿಸ್ವಾಮ್ಯ ಕಾಯ್ದೆ ಜಂಟಿ ಕೃತಿ ಎಂದು ಪರಿಗಣಿಸುತ್ತದೆ. ಒಬ್ಬರು ಬರೆದು, ಮೂವರು ತಿದ್ದಿ, ಐವರು ವಾಕ್ಯ ಸೇರಿಸಿದ ಪುಟಗಳೆಲ್ಲ ಈ ಪೈಕಿ. ಅಂಥ ಪುಟಕ್ಕೆ ಒಡೆಯರು ಹಲವರು, ಎಲ್ಲರ ಒಪ್ಪಿಗೆ ಕಾಗದದ ಮೇಲೆ ಇಲ್ಲದೆ ತಿಳಿವಳಿಕೆಯುಳ್ಳ ಪ್ರಕಾಶಕರು ಅದನ್ನು ಮುಟ್ಟುವುದಿಲ್ಲ. ಗುಂಪಿನಲ್ಲಿ ‘ಹಾಕಿಕೊಳ್ಳಿ, ನನ್ನದೇನೂ ಅಭ್ಯಂತರ ಇಲ್ಲ’ ಎಂದು ಕಳಿಸಿದ ಧ್ವನಿ ಸಂದೇಶ ಹಕ್ಕಿನ ವರ್ಗಾವಣೆ ಆಗುವುದಿಲ್ಲ. ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಎಂದು ಭಾವಿಸುತ್ತದೆ, ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು. ಹಕ್ಕು ಬರೆದುಕೊಟ್ಟ ಮೇಲೂ ಲೇಖಕರ ಹೆಸರು ಹಾಕಬೇಕಾದ ಹೊಣೆ ಉಳಿಯುತ್ತದೆ, ಅದು ಕಲಂ 57. ನೋಂದಣಿ ಕಡ್ಡಾಯವಲ್ಲ. ಬರೆದ ಕ್ಷಣದಿಂದಲೇ ಹಕ್ಕು ಹುಟ್ಟಿರುತ್ತದೆ, ಆದ್ದರಿಂದ ಹೊರಗೆ ತೋರಿಸಿದರೆ ಕಳೆದುಹೋಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ.

ಅಮೆರಿಕದ ಕಂಪನಿಯ ವಿಷಯ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳ ಮೂಲಪುರುಷ. 2000ದಲ್ಲಿ ಅದರ ಒಡೆತನದ ಕಂಪನಿ ಒಂದು ಮುಕ್ತ ಪರವಾನಗಿ ಕೊಟ್ಟು, ಮೂಲ ನಿಯಮಗಳ ಮೇಲೆ ಬೇರೆಯವರೂ ಪುಸ್ತಕ ಬರೆಯಲು ಅವಕಾಶ ಮಾಡಿತು. 2023ರ ಜನವರಿಯಲ್ಲಿ ಆ ಪರವಾನಗಿಯನ್ನು ಬಿಗಿಗೊಳಿಸುವ ಕರಡು ಸೋರಿಕೆಯಾಗಿ ದೊಡ್ಡ ಗದ್ದಲವೆದ್ದಿತು. ನಿಮ್ಮ ಗೆಳೆಯರ ಭಯದ ಮೂಲ ಬಹುಶಃ ಅದೇ. ಆದರೆ ಆ ಕಥೆಯ ಕೊನೆ ಅವರಿಗೆ ತಲುಪಿದಂತಿಲ್ಲ: ಅದೇ ತಿಂಗಳು ಕಂಪನಿ ಹಿಂದೆ ಸರಿದು, ಐದನೇ ಆವೃತ್ತಿಯ ಮೂಲ ನಿಯಮಗಳ ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಆ ದಾಖಲೆಯಲ್ಲಿ ಇರುವುದನ್ನು, ಋಣ ಸ್ಮರಿಸಿ, ಯಾರು ಬೇಕಾದರೂ ಬಳಸಬಹುದು, ಮಾರಲೂಬಹುದು. ಹಿಂತೆಗೆದುಕೊಳ್ಳಲು ಬರುವುದಿಲ್ಲ. ದಾಖಲೆಯ ಹೊರಗಿರುವ ಕಥಾಲೋಕ, ಚಿತ್ರ, ಲಾಂಛನ ಇವನ್ನು ಮುಟ್ಟಬೇಡಿ. ಅದಕ್ಕಿಂತ ಮುಖ್ಯವಾಗಿ, ನಿಮಗೆ ಅದು ಬೇಕೇ? ಕೋಟೆ ಬೀಳುವ ಮುನ್ನ ಮಕ್ಕಳು ಮರಿ ಕಟ್ಟಿಕೊಂಡು ಘಟ್ಟ ಇಳಿಯುವವರ ಕಥೆಗೆ, ಶತ್ರುವನ್ನು ಕೊಂದಷ್ಟೂ ಬಲ ಹೆಚ್ಚುವ ಲೆಕ್ಕ ಹೊಂದುವುದಿಲ್ಲ.

ನಿಮಗೆ ಹತ್ತಿರದ ಪೂರ್ವಜ ಬೇರೊಂದಿದೆ. 1992ರಲ್ಲಿ ಸ್ಟೆಫಾನ್ ಓಸಲಿವನ್ ಎಂಬವರು, ವೆಬ್ ಇನ್ನೂ ಜನರ ಕೈಗೆ ಬಂದಿರದ ಕಾಲದಲ್ಲಿ, ಯೂಸ್‌ನೆಟ್ ಚರ್ಚಾಗುಂಪಿನಲ್ಲಿ ಒಂದು ಆಟದ ಪ್ರಸ್ತಾಪ ಇಟ್ಟರು. ದೇಶ ದೇಶಗಳ ಅಪರಿಚಿತರು ಸಲಹೆ ಸುರಿದರು. 1995ರಲ್ಲಿ ಅದು ‘ಫಜ್’ ಎಂಬ ಹೆಸರಿನಲ್ಲಿ ಅಚ್ಚಾಯಿತು. ಅದರ ಬುಡದಿಂದ ಮುಂದೆ ‘ಫೇಟ್’ ಎಂಬ ಆಟ ಚಿಗುರಿತು. ಅಂತರ್ಜಾಲದ ಸಮುದಾಯ ಕೂಡಿ ಆಟ ಕಟ್ಟಿದ ಮೊದಮೊದಲ ಉದಾಹರಣೆಗಳಲ್ಲಿ ಅದೂ ಒಂದು, ಈಗಲೂ ಆಡುತ್ತಾರೆ. ಅಲ್ಲಿ ಸಲಹೆ ಕೊಟ್ಟವರು ಅನೇಕರು, ಬರೆದ ಕೈ ಮಾತ್ರ ಒಂದೇ. ಯಾವ ಸಲಹೆ ಒಳಗೆ ಬರಬೇಕು, ಯಾವುದು ಐಚ್ಛಿಕ, ಯಾವುದು ಬೇಡ ಎಂದು ಓಸಲಿವನ್ ಆರಿಸಿದರು. ಕುತೂಹಲದ ಸಂಗತಿಯೆಂದರೆ ಅಲ್ಲಿಯೂ ನಾಲ್ಕನ್ನು ಒಟ್ಟಿಗೆ ಎಸೆಯುತ್ತಾರೆ: ಕೂಡು, ಕಳೆ, ಖಾಲಿ ಮುಖಗಳಿರುವ ನಾಲ್ಕು ದಾಳ. 81 ಸಾಧ್ಯತೆಗಳಲ್ಲಿ 19 ಸಲ ಸೊನ್ನೆ ಬೀಳುತ್ತದೆ, ನಾಲ್ಕೂ ಕೂಡು ಬೀಳುವುದು ಒಂದೇ ಸಲ. ಬಹುಪಾಲು ಎಸೆತಗಳು ನಡುವಿನಲ್ಲಿ ನಿಲ್ಲುವುದರಿಂದ ಪಾತ್ರದ ಕೌಶಲಕ್ಕೆ ಬೆಲೆ ಇರುತ್ತದೆ.

ಈಗ ನೀವು ಕಳಿಸಿದ ಪುಟಗಳಿಗೆ ಬರುತ್ತೇನೆ. ಅವುಗಳಲ್ಲಿ ‘ಘಟ್ಟ ಇಳಿಯುವ ನಿಯಮ’ವನ್ನು ನಾನು ಕವಡೆ ಹಿಡಿದು ಕುಳಿತು ಲೆಕ್ಕ ಹಾಕಿದೆ. ಬಾಯಿ ಮೇಲಾಗಿ ಬಿದ್ದ ಕವಡೆಗಳನ್ನು ಎಣಿಸಬೇಕು, ಚೌಕಾಬಾರದಂತೆ ನಾಲ್ಕೂ ಮಗುಚಿ ಬಿದ್ದರೆ ಎಂಟು. ನುರಿತ ಹೇರೆತ್ತಿನವನಿಗೆ ಎರಡು ಸೇರಿಸಬೇಕು. ಮಳೆಗೆ ಒಂದು, ಕತ್ತಲೆಗೆ ಒಂದು, ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಒಂದು, ಬೆನ್ನ ಮೇಲಿನ ಹೇರಿಗೆ ಎರಡು ಕಳೆಯಬೇಕು. ಉಳಿದದ್ದು ಮೂರಾದರೂ ಇದ್ದರೆ ಕ್ಷೇಮವಾಗಿ ಇಳಿದಂತೆ.

ನಿಮ್ಮ ಕಥೆಯ ಮುಖ್ಯ ಸನ್ನಿವೇಶವೇ ಮಳೆಗಾಲದ ರಾತ್ರಿ ಮೆಣಸಿನ ಹೇರಿನೊಂದಿಗೆ ಬಿದನೂರಿನಿಂದ ಹೊಸಂಗಡಿಯ ಕಡೆ ಇಳಿಯುವುದು. ಆ ರಾತ್ರಿ ಐದು ಕಳೆಯಬೇಕು. ನಾಲ್ಕು ಕವಡೆಯೂ ಬಾಯಿ ಮೇಲಾಗಿ ಬಿದ್ದು, ಕೌಶಲದ ಎರಡು ಸೇರಿ ಆರಾದರೆ, ಉಳಿಯುವುದು ಒಂದು. ಸೋಲು. ಎಂಟು ಬಿದ್ದರೆ ಮಾತ್ರ ಗೆಲುವು. ಕವಡೆ ಎರಡೂ ಕಡೆಗೆ ಸಮನಾಗಿ ಬೀಳುತ್ತದೆ ಎಂದುಕೊಂಡರೂ ಎಂಟು ಬೀಳುವುದು 16ರಲ್ಲಿ ಒಂದು ಸಲ. ಇನ್ನೂ ತಮಾಷೆಯೆಂದರೆ, ಹುಟ್ಟಿನಿಂದ ಘಟ್ಟ ಕಾಣದ ಪೇಟೆಯ ಲೆಕ್ಕಿಗನಿಗೂ ಎಂಟು ಬಿದ್ದರೆ ಐದು ಕಳೆದು ಮೂರು ಉಳಿಯುತ್ತದೆ, ಅವನೂ ಗೆದ್ದ. ಅಂದರೆ ನಿಮ್ಮ ನಿಯಮದ ಪ್ರಕಾರ ನುರಿತವನಿಗೂ ಹೊಸಬನಿಗೂ ಆ ರಾತ್ರಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎರಡು ಪುಟ ಬರೆದು, ಮತ ಹಾಕಿ, ಅಂಗೀಕರಿಸಿದ ನಿಯಮ ಇದು. ಒಂದು ಸಂಜೆ ಆಡಿದ್ದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತಿತ್ತು.

ಬರೆದವರು ದಡ್ಡರಾಗಿದ್ದರಿಂದ ಹೀಗಾಗಿಲ್ಲ. ಮಳೆಯ ಕಳೆಯುವಿಕೆ ಒಬ್ಬರ ಸಲಹೆ, ಉಂಬಳ ಇನ್ನೊಬ್ಬರದು, ಹೇರು ಮತ್ತೊಬ್ಬರದು ಇರಬೇಕು ಎಂದು ಬರಹದ ಧಾಟಿಯಲ್ಲೇ ತಿಳಿಯುತ್ತದೆ. ಒಂದೊಂದೂ ಬಿಡಿಯಾಗಿ ಸರಿ. ಮಲೆನಾಡಿನ ಆಟದಲ್ಲಿ ಉಂಬಳ ಬೇಡ ಎಂದು ಯಾರು ತಾನೇ ಮತ ಹಾಕುತ್ತಾರೆ? ಮತದಾನ ಸೇರಿಸಲು ಮಾತ್ರ ಬಲ್ಲದು, ಕಳೆಯಲು ಅದಕ್ಕೆ ಬಾರದು. ಕಳೆಯಬೇಕೆಂದರೆ ಯಾರೋ ಒಬ್ಬರ ಮನಸ್ಸು ನೋಯುತ್ತದೆ, ಗುಂಪಿನಲ್ಲಿ ಆ ಕೆಲಸಕ್ಕೆ ಯಾರೂ ಮುಂದೆ ಬರುವುದಿಲ್ಲ. ಜೊತೆಗೆ, ಆಡದೆ ಬರೆಯುವ ಗುಂಪಿನಲ್ಲಿ ಚೆನ್ನಾಗಿ ವಾದಿಸುವವರು, ಬಿಡುವು ಹೆಚ್ಚಿರುವವರು ಗೆಲ್ಲುತ್ತಾರೆ. ರಾತ್ರಿ ಹನ್ನೊಂದರವರೆಗೆ ಸಂದೇಶ ಕಳಿಸಲು ಪುರುಸೊತ್ತಿರುವವರ ಆಟ ತಯಾರಾಗುತ್ತದೆ.

ನೀವೇ ಇಟ್ಟ ಹೆಸರಿನಲ್ಲಿ ಉತ್ತರವಿದೆ. ತಾಳಮದ್ದಲೆಯಲ್ಲಿ ಅರ್ಥಧಾರಿಗಳು ಎಷ್ಟು ಬೇಕಾದರೂ ವಾದಿಸಬಹುದು, ಕೃಷ್ಣನ ಬಾಯಿ ಕಟ್ಟಿಸುವ ಪ್ರಶ್ನೆಯನ್ನು ಕೌರವ ಕೇಳಬಹುದು. ಆದರೆ ಮುಂದಿನ ಪದ ಯಾವಾಗ ಎತ್ತಬೇಕು ಎಂಬುದು ಭಾಗವತರ ಕೈಯಲ್ಲಿ. ಪದ ಎತ್ತಿದರೆ ವಾದ ಮುಗಿಯಿತು. ಆಡುವಾಗ ಭಾಗವತ ಇರಬೇಕೆಂದು ನಿಮಗೆ ಹೊಳೆದಿದೆ, ಬರೆಯುವಾಗಲೂ ಒಬ್ಬರು ಬೇಕೆಂಬುದು ಹೊಳೆದಿಲ್ಲ. ಅವರು ಹೆಚ್ಚು ಬರೆದವರೇ ಆಗಬೇಕಿಲ್ಲ. ಹೆಚ್ಚು ಬರೆದವರು ಆಗದಿದ್ದರೆ ಒಳ್ಳೆಯದು ಎಂದು ನನ್ನ ಅಭಿಪ್ರಾಯ, ತಮ್ಮದನ್ನು ತಾವೇ ಕತ್ತರಿಸುವವರು ಅಪರೂಪ.

ಕವಡೆಯ ಲೆಕ್ಕಕ್ಕೆ ಒಂದು ಸಲಹೆ, ಹಾಗೆಯೇ ಒಪ್ಪಬೇಕೆಂದಿಲ್ಲ. 2010ರಲ್ಲಿ ಬಂದ ‘ಅಪಾಕಲಿಪ್ಸ್ ವರ್ಲ್ಡ್’ ಎಂಬ ಆಟ ಎರಡು ಸಾಮಾನ್ಯ ದಾಳಗಳಲ್ಲಿ ಮೂರು ಫಲ ಇಟ್ಟಿತು: ಹತ್ತು ಅಥವಾ ಹೆಚ್ಚು ಬಿದ್ದರೆ ಕೆಲಸ ಆಯಿತು, ಏಳರಿಂದ ಒಂಬತ್ತು ಬಿದ್ದರೆ ಆಯಿತು ಆದರೆ ಬೆಲೆ ತೆರಬೇಕು, ಆರು ಅಥವಾ ಕಡಿಮೆ ಬಿದ್ದರೆ ಕಷ್ಟ ಶುರು. ಏನನ್ನೂ ಸೇರಿಸದೆ ಎಸೆದರೆ 36ರಲ್ಲಿ 15 ಸಲ ಬೀಳುವುದು ಆ ನಡುವಿನ ಫಲ, ಕಥೆ ಹುಟ್ಟುವುದು ಅಲ್ಲೇ. ನಿಮ್ಮಲ್ಲಿ ಒಂದು ಕವಡೆ ಮೇಲಾದರೆ ಸಂಕಟ, ಎರಡಾದರೆ ಬೆಲೆ ತೆತ್ತು ಗೆಲುವು, ಮೂರು ನಾಲ್ಕಾದರೆ ಗೆಲುವು ಎಂದಿಡಿ. ಸಮ ಕವಡೆಗಳಾದರೆ 16ರಲ್ಲಿ ಕ್ರಮವಾಗಿ 4, 6, 5. ಉಳಿದ ಒಂದು ಎಂಟಿಗೆ, ಆಗ ಯಾರೂ ಎಣಿಸದ್ದು ನಡೆಯಲಿ. ನುರಿತವರು ಒಂದು ಕವಡೆಯನ್ನು ಮತ್ತೊಮ್ಮೆ ಎಸೆಯಲಿ. ಮಳೆ, ಕತ್ತಲೆ, ಉಂಬಳಗಳಿಗೆ ಸಂಖ್ಯೆ ಬೇಡ. ಅವು ತೆರಬೇಕಾದ ಬೆಲೆ ಏನೆಂದು ಹೇಳಲಿ: ಎತ್ತಿನ ಕಾಲು ಉಳುಕಿತು, ಮಳೆಗೆ ಹೊದ್ದ ಗೊರಬು ಗಾಳಿಗೆ ಹಾರಿಹೋಯಿತು, ಒಂದು ಹೇರು ಮೆಣಸು ಕಮರಿಗೆ ಬಿತ್ತು. ಎರಡು ಪುಟ ಆರು ಸಾಲಾಗುತ್ತದೆ, ಉಂಬಳ ಸಲಹೆ ಕೊಟ್ಟವರ ಉಂಬಳವೂ ಉಳಿಯುತ್ತದೆ.

ನಿಜವಾದ ಕವಡೆ ಸಮನಾಗಿ ಬೀಳುವುದಿಲ್ಲ ಎಂಬುದು ನೆನಪಿರಲಿ, ಒಂದೊಂದು ಜೊತೆಗೆ ಒಂದೊಂದು ಚಾಳಿ. ಒಡೆದು ತೇಯ್ದ ಹುಣಸೆ ಬೀಜವೂ ಅಷ್ಟೇ. ನಾಲ್ಕೈದು ಮನೆಯ ಕವಡೆಗಳನ್ನು ತಂದು ಇನ್ನೂರು ಸಲ ಎಸೆದು ಬರೆದಿಟ್ಟುಕೊಳ್ಳಿ. ಎರಡು ಬೀಳುವುದೇ ಎಲ್ಲ ಕಡೆ ಹೆಚ್ಚಾಗಿದ್ದರೆ ಮೇಲಿನ ಏರ್ಪಾಡು ನಿಲ್ಲುತ್ತದೆ.

ಆಡಿಸಿ ನೋಡುವುದು ಹೇಗೆ? ಇಡೀ ಆಟವನ್ನು ಎರಡು ಹಾಳೆಗೆ ಇಳಿಸಿ, ಗುಂಪಿಗೆ ಸೇರದ ಮೂರು ತಂಡಗಳಿಗೆ ಕೊಡಿ. ಬರೆದವರು ಅಲ್ಲಿರಬಾರದು, ಇದ್ದರೆ ಬಾಯಿ ತೆರೆಯಬಾರದು. ಲೇಖಕರು ಪಕ್ಕದಲ್ಲಿ ಕುಳಿತು ವಿವರಿಸಿದ ಪರೀಕ್ಷೆ ಪರೀಕ್ಷೆಯೇ ಅಲ್ಲ, ಪುಸ್ತಕದ ಜೊತೆ ಲೇಖಕರನ್ನು ಕಟ್ಟಿ ಮಾರಲಾಗದು. ‘ಚೆನ್ನಾಗಿತ್ತು, ಚೆನ್ನಾಗಿರಲಿಲ್ಲ’ ಎಂಬ ಅಭಿಪ್ರಾಯ ಕೇಳಬೇಡಿ. ಆಡುವವರು ಎಲ್ಲಿ ತಡೆದು ‘ಈಗ ಏನು ಮಾಡಬೇಕು?’ ಎಂದು ಕೇಳಿದರು, ಎಲ್ಲಿ ಮೊಬೈಲ್ ಕೈಗೆತ್ತಿಕೊಂಡರು ಎಂದು ಗುರುತಿಸಿಕೊಳ್ಳಿ. ಒಂದು ತಂಡ ಫೋನಿನಲ್ಲೇ ಆಡಲಿ. ನಿಮ್ಮಲ್ಲಿ ಅರ್ಧ ಜನ ಪರಊರಿನವರು, ಆಷಾಢದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ಊರು ಮಿಕ್ಕವರದು. ಆಟದ ನಡುವೆ ಒಬ್ಬರು ಕಡಿದುಹೋದರೆ ಅವರ ಪಾತ್ರ ಏನಾಗುತ್ತದೆ ಎಂಬ ನಿಯಮ ನಿಮ್ಮ ನೂರೈವತ್ತು ಪುಟಗಳ ಪರಿವಿಡಿಯಲ್ಲಿ ಕಾಣಲಿಲ್ಲ. ಬೇರೆಲ್ಲಕ್ಕಿಂತ ಮೊದಲು ಬೇಕಾದದ್ದು ಅದು.

ಚೌಡಿಯ ವಿಷಯದಲ್ಲಿ ನಾನು ಹಿರಿಯರ ಪಕ್ಷ. ಕಾನೂನಿನ ಹೆದರಿಕೆಯಿಂದ ಹೀಗೆ ಹೇಳುತ್ತಿಲ್ಲ. ಧಾರ್ಮಿಕ ಭಾವನೆಗಳ ಕುರಿತ ಕಲಂ ಉದ್ದೇಶಪೂರ್ವಕ, ದುರುದ್ದೇಶದ ಅವಮಾನಕ್ಕೆ ಸಂಬಂಧಿಸಿದ್ದು, ನಿಮ್ಮದು ಅದಲ್ಲ. ಇದು ವಿನ್ಯಾಸದ ತಪ್ಪು. ಇಂಗ್ಲಿಷ್ ಆಟಗಳಲ್ಲಿ ರಾಕ್ಷಸರ ಪಟ್ಟಿ ಇರುತ್ತದೆ, ಪ್ರತಿಯೊಂದಕ್ಕೂ ಆಯುಸ್ಸಿನ ಅಂಕ ಇರುತ್ತದೆ, ಅದಕ್ಕೇ ನೀವೂ ಚೌಡಿಗೆ ಇಪ್ಪತ್ತೆರಡು ಅಂಕ ಕೊಟ್ಟಿದ್ದೀರಿ. ನಿಮ್ಮ ಊರಿನಲ್ಲಿ ಚೌಡಿಯನ್ನು ಯಾರಾದರೂ ಹೊಡೆದದ್ದುಂಟೇ? ಬನದ ಅಂಚಿನಲ್ಲಿ ಅಪ್ಪಣೆ ಕೇಳುತ್ತಾರೆ, ಹರಕೆ ಹೊರುತ್ತಾರೆ, ತೀರಿಸದಿದ್ದರೆ ತೊಂದರೆ ಎಂದು ನಂಬುತ್ತಾರೆ. ಅದನ್ನೇ ನಿಯಮ ಮಾಡಿ. ಬನ ದಾಟಬೇಕಾದರೆ ಪಾತ್ರ ಒಂದು ಹರಕೆ ಹೊರಬೇಕು, ಹೊತ್ತ ಮೇಲೆ ಒಂದು ಕವಡೆ ಹೆಚ್ಚು ಎಸೆಯಬಹುದು, ತೀರಿಸದೆ ಉಳಿದ ಹರಕೆಗಳನ್ನು ಭಾಗವತರು ಬರೆದಿಟ್ಟುಕೊಂಡು ತಮಗೆ ಬೇಕಾದಾಗ ವಸೂಲು ಮಾಡಬಹುದು. ಹೊಡೆದಾಟಕ್ಕಿಂತ ಈ ಸಾಲದ ಲೆಕ್ಕ ಹೆಚ್ಚು ಭಯ ಹುಟ್ಟಿಸುತ್ತದೆ, ಬೇರೆ ಯಾವ ದೇಶದ ಆಟಕ್ಕೂ ನಕಲಾಗಿ ಕಾಣುವುದಿಲ್ಲ. ಬರೆದ ಮೇಲೆ ಅದೇ ಹಿರಿಯರಿಗೆ ಓದಿ ಹೇಳಿ.

ನೀವು ಕೇಳದ ಎರಡು ಸಂಗತಿ. ಪಾತ್ರ ರಚನೆಯ ಪುಟದಲ್ಲಿ ಜಾತಿಯ ಪಟ್ಟಿ ಇದೆ, ಜಾತಿಗೆ ತಕ್ಕಂತೆ ಬುದ್ಧಿ, ಬಲದ ಅಂಕಗಳಿವೆ. ತೆಗೆದುಹಾಕಿ. 1763ರಲ್ಲಿ ಜಾತಿ ಇತ್ತು, ಯಾವ ಬಾವಿ ಯಾರಿಗೆ, ಯಾರ ಜಗುಲಿಗೆ ಯಾರು ಹತ್ತಬಹುದು ಎಂಬುದನ್ನು ಅದು ತೀರ್ಮಾನಿಸುತ್ತಿತ್ತು. ಕಥೆಯಲ್ಲಿ ಆ ಅಡ್ಡಿ ಬರಲಿ. ಹುಟ್ಟಿನಿಂದ ಬುದ್ಧಿ ಎಂದು ನಿಯಮವೇ ಸಾರಬಾರದು. ಹಾಗೆಯೇ ಹೈದರನ ಸೈನಿಕರನ್ನು ಮುಖವಿಲ್ಲದ ದುಷ್ಟರ ದಂಡಾಗಿ ಬರೆದಿದ್ದೀರಿ. ಇಂದಿನ ದಿನಗಳಲ್ಲಿ ಅದು ಎಲ್ಲಿಗೆ ಎಳೆಯುತ್ತದೆ ಎಂದು ಇತಿಹಾಸ ಕಲಿಸುವ ನಿಮಗೆ ನಾನು ಹೇಳಬೇಕಿಲ್ಲ. ಅದು ಹಾಗಿರಲಿ, ಎದುರಾಳಿಗೆ ತನ್ನದೇ ಕಾರಣವಿಲ್ಲದ ಆಟ ಮೂರನೇ ಬೈಠಕ್ಕಿಗೆ ಬೇಸರ ತರಿಸುತ್ತದೆ. ಸಂಬಳ ಬಾಕಿ ಇರುವ ಸಿಪಾಯಿ, ರಾಣಿ ವೀರಮ್ಮಾಜಿಯ ದರ್ಬಾರಿನೊಳಗೇ ಎರಡು ಬಗೆಯುವ ಅಧಿಕಾರಿ, ಇಂಥವರನ್ನು ಇಡಿ.

ಆಕರಗಳ ಬಗ್ಗೆಯೂ ಎಚ್ಚರ. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’, 1623ರಲ್ಲಿ ಇಕ್ಕೇರಿಗೆ ಬಂದಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆಯ ಪತ್ರಗಳು ಎಲ್ಲರ ಸ್ವತ್ತು. ಅವುಗಳ ಈಚಿನ ಸಂಪಾದಕರ ಪೀಠಿಕೆ, ಟಿಪ್ಪಣಿ, ಅನುವಾದಗಳು ಹಾಗಲ್ಲ. ಕಾದಂಬರಿಗಳ ಪಾತ್ರಗಳನ್ನು ತರುವ ಪ್ರಸ್ತಾಪವೂ ಟಿಪ್ಪಣಿಯಲ್ಲಿ ಕಂಡಿತು. ಲೇಖಕರು ತೀರಿಕೊಂಡ ನಂತರ 60 ವರ್ಷ ಕೃತಿಸ್ವಾಮ್ಯ ಇರುತ್ತದೆ, 1994ರಲ್ಲಿ ಅಗಲಿದ ಕುವೆಂಪು ಅವರ ಕೃತಿಗಳಿಗೆ 2054ರ ಕೊನೆಯವರೆಗೆ. ಆ ಪ್ರಸ್ತಾಪ ಕೈಬಿಡಿ.

ಮುಂದಿನ ದಾರಿಗಳಲ್ಲಿ ನಾನು ಆರಿಸುವುದು ಇದು: ಮೂವತ್ತು ನಲವತ್ತು ಪುಟದ ಒಂದು ಮೂಲಪುಸ್ತಕ, ಅದಕ್ಕೆ ಒಬ್ಬ ಸಂಪಾದಕರು, ಜೊತೆಗೆ ಇಬ್ಬರು ಸಲಹೆಗಾರರು. ಉಳಿದದ್ದೆಲ್ಲ ಬರೆದವರ ಹೆಸರಿನಲ್ಲೇ ಬಿಡಿ ಪುಸ್ತಿಕೆಗಳಾಗಿ ಬರಲಿ: ಕವಲೇದುರ್ಗದ ಕಥೆ ಒಬ್ಬರದು, ಮೆಣಸು ವ್ಯಾಪಾರ ಇನ್ನೊಬ್ಬರದು. ಯಾರದೂ ಕಸದ ಬುಟ್ಟಿಗೆ ಹೋಗುವುದಿಲ್ಲ, ಯಾರದೂ ಇನ್ನೊಬ್ಬರ ಮೇಲೆ ಹೇರಿಕೆಯಾಗುವುದಿಲ್ಲ. ಅಪಾಯವೂ ಇದೆ. ಸಂಪಾದಕರಿಗೆ ದಣಿವಾದರೆ ಎಲ್ಲವೂ ನಿಲ್ಲುತ್ತದೆ, ಆದ್ದರಿಂದ ಅವಧಿ ಗೊತ್ತುಮಾಡಿ, ಒಂದು ವರ್ಷ ಸಾಕು. ಮತದಾನ ಕಳೆದುಕೊಂಡ ಕೆಲವರು ಗುಂಪು ಬಿಡುತ್ತಾರೆ, ಬಿಡಲಿ.

ಇನ್ನೊಂದು ದಾರಿ ಎಲ್ಲವನ್ನೂ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಲೋಕಕ್ಕೆ ಕೊಟ್ಟುಬಿಡುವುದು. ಉದಾರವಾದದ್ದು, ಕನ್ನಡದಲ್ಲಿ ಇಂಥದ್ದು ಬೇಕೂ ಬೇಕು. ಆದರೆ ಕೊಟ್ಟ ಮೇಲೆ ಹಿಂದಕ್ಕೆ ಪಡೆಯಲಾಗದು, ನಿಮಗೆ ಪರಿಚಯವೇ ಇಲ್ಲದ ಪ್ರಕಾಶಕರು ಅಚ್ಚುಹಾಕಿ ಮಾರಿದರೆ ಸುಮ್ಮನಿರಬೇಕು. ಅದನ್ನು ತಡೆಯಲು ಹಲವರು ‘ವಾಣಿಜ್ಯ ಬಳಕೆ ಇಲ್ಲ’ ಎಂಬ ಷರತ್ತು ಸೇರಿಸುತ್ತಾರೆ. ಅಲ್ಲೊಂದು ಗುಂಡಿ ಇದೆ. ಮೂವತ್ತು ಜನ ಆ ಷರತ್ತಿನಲ್ಲಿ ಬರೆದುಕೊಟ್ಟರೆ ನಿಮ್ಮ ಗುಂಪೇ ಪುಸ್ತಕ ಮಾರುವಂತಿಲ್ಲ, ಮೂವತ್ತು ಜನರಿಂದ ಮತ್ತೆ ಬೇರೆ ಅನುಮತಿ ಬೇಕು. ನಾನು ಸಂಪಾದಿಸುತ್ತಿದ್ದ ಒಂದು ಪುಸ್ತಕ ಹೀಗೆಯೇ ಒಬ್ಬ ಸಹಲೇಖಕರ ವಿಳಾಸ ಸಿಗದೆ ಅಚ್ಚಿನ ಮನೆಯ ಬಾಗಿಲಿನಿಂದ ವಾಪಸಾಯಿತು.

ಯಾವ ದಾರಿ ಹಿಡಿದರೂ ಜನರಿಂದ ಮುಂಗಡ ಹಣ ಸಂಗ್ರಹಿಸುವ ಮುನ್ನ ಒಪ್ಪಿಗೆ ಪತ್ರಗಳು ಕೈಯಲ್ಲಿರಲಿ. ಉದ್ದದ ಒಪ್ಪಂದ ಬೇಡ. ‘ಈ ಆಟಕ್ಕೆ ನಾನು ಬರೆದ ಭಾಗಗಳನ್ನು, ನನ್ನ ಹೆಸರು ನಮೂದಿಸಿ, ತಿದ್ದಿ, ಮುದ್ರಿತ ಹಾಗೂ ಡಿಜಿಟಲ್ ರೂಪದಲ್ಲಿ, ಎಲ್ಲ ದೇಶಗಳಲ್ಲಿ, ಕೃತಿಸ್ವಾಮ್ಯದ ಪೂರ್ಣ ಅವಧಿಗೆ ಪ್ರಕಟಿಸಿ ಮಾರಲು ಇಂಥವರಿಗೆ ಅನುಮತಿ ನೀಡಿದ್ದೇನೆ; ನನ್ನ ಬರಹವನ್ನು ಬೇರೆಡೆ ಬಳಸುವ ಹಕ್ಕು ನನಗೂ ಉಳಿದಿದೆ’ ಎಂಬಷ್ಟು, ಬಂದ ಹಣ ಹೇಗೆ ಹಂಚಿಕೆ ಎಂಬ ಒಂದು ಸಾಲು, ಸಹಿ, ದಿನಾಂಕ. ಶಿವಮೊಗ್ಗದಲ್ಲಿ ಯಾರಾದರೂ ವಕೀಲರಿಗೆ ಒಮ್ಮೆ ತೋರಿಸಿಕೊಳ್ಳಿ.

ಹೊರಟುಹೋದವರಿಗೆ ಗುಂಪಿನಲ್ಲಿ ಉತ್ತರಿಸಬೇಡಿ, ಫೋನ್ ಮಾಡಿ. ಅವರ ಅಧ್ಯಾಯವನ್ನು ಅವರ ಹೆಸರಿನಲ್ಲೇ ಪುಸ್ತಿಕೆಯಾಗಿ ತರುವ ಅವಕಾಶ ಕೊಡಿ, ನನ್ನ ಅನುಭವದಲ್ಲಿ ಮುನಿಸಿನ ಮುಕ್ಕಾಲು ಪಾಲು ಹೆಸರಿನದ್ದೇ ಆಗಿರುತ್ತದೆ. ಒಪ್ಪದಿದ್ದರೆ ಬರಹವನ್ನು ಮರ್ಯಾದೆಯಿಂದ ಹಿಂದಿರುಗಿಸಿ, ಅದನ್ನು ಈವರೆಗೆ ಓದಿರದ ಒಬ್ಬರನ್ನು ಹುಡುಕಿ, ‘ಗಾಯವಾದರೆ ಒಂದು ಕವಡೆ ಕಡಿಮೆ’ ಎಂಬ ಒಂದೇ ಸಾಲು ಕೈಗಿತ್ತು ಗಾಯ, ಚಿಕಿತ್ಸೆಯ ಅಧ್ಯಾಯವನ್ನು ಹೊಸದಾಗಿ ಬರೆಸಿ. ಮೂರು ಪುಟ ಮೀರದಿರಲಿ.